ಗೋಡೆಯ ಮೇಲಿನ ಹನ್ನೊಂದು ಕುರಿ

ಚಿತ್ರ ಬರೆಯುವವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ವೈದ್ಯನಿಗೆ ನಾಡಿ ಹಿಡಿಯುವುದನ್ನು ಯಾರೂ ಕಲಿಸಲು ಹೋಗುವುದಿಲ್ಲ. ವಕೀಲನಿಗೆ ಕಾಯಿದೆ ಹೇಳಿಕೊಡುವವರಿಲ್ಲ. ಚಿತ್ರಗಾರ ಮಾತ್ರ ಕುಂಚ ಹಿಡಿದು ಬೀದಿಯಲ್ಲಿ ನಿಂತರೆ ಸಾಕು, ಎಮ್ಮೆ ಹೊಡೆದುಕೊಂಡು ಹೋಗುವವನೂ ನಿಂತು, "ಆ ಹಿಂದಿನ ಕಾಲು ಸಣ್ಣದಾತಲ್ರಿ" ಅನ್ನುತ್ತಾನೆ. ನನಗೆ ಸಿಟ್ಟು ಬರುವುದು ಅವನು ಹಾಗಂದದ್ದಕ್ಕಲ್ಲ. ಆಮೇಲೆ ನೋಡಿದರೆ ಕಾಲು ಸಣ್ಣದೇ ಆಗಿರುತ್ತದೆ, ಅದಕ್ಕೆ.

ಈ ಮಾತು ರಾಜ್ಯ ಒಂದಾದ ಹೊಸತರದು. ನಿಜಾಮರ ಕಾಲ ಮುಗಿದು ಕೆಲವು ವರ್ಷವಾಗಿತ್ತು, ನಮ್ಮ ಸೀಮೆ ಮೈಸೂರಿನವರ ಜೊತೆ ಆಗಷ್ಟೇ ಸೇರಿತ್ತು. ಸರಕಾರಕ್ಕೆ ಒಂದು ಯೋಚನೆ ಬಂತು. ಒಬ್ಬ ಚಿತ್ರಗಾರನನ್ನು ಒಂದು ವರ್ಷ ಒಂದು ಊರಲ್ಲಿ ಇಡುವುದು. ಅವನಿಗೊಂದು ಕೋಣೆ ಕೊಡುವುದು. ಬೆಳಿಗ್ಗೆ ಅವನು ತನ್ನ ಚಿತ್ರ ತಾನು ಬರೆದುಕೊಳ್ಳಬೇಕು, ಮಧ್ಯಾಹ್ನ ಶಾಲೆಯಲ್ಲಿ ಕಲಿಸಬೇಕು, ವಾರಕ್ಕೊಂದು ದಿನ ಹಳ್ಳಿಗೆ ಹೋಗಿ ಜನರ ಜೊತೆ ಬೆರೆಯಬೇಕು. ವರ್ಷದ ಕೊನೆಗೆ ಒಬ್ಬ ಸಾಹೇಬರು ಬಂದು, "ಇವರಿಂದ ನಿಮಗೇನು ಉಪಯೋಗವಾಯಿತು?" ಎಂದು ಜನರನ್ನೇ ಕೇಳುತ್ತಾರೆ. ಉತ್ತರ ಸಾಹೇಬರಿಗೆ ಒಪ್ಪಿಗೆಯಾದರೆ ಕೆಲಸ ಕಾಯಂ. ಆಗದಿದ್ದರೆ ಮನೆಗೆ.

ಮನೆ ಎಂದರೆ ಯಾದಗಿರಿಯಲ್ಲಿ ಅಪ್ಪನ ಕಿರಾಣಿ ಅಂಗಡಿ. ನಾನು ಹೈದರಾಬಾದಿನಲ್ಲಿ ನಾಲ್ಕು ವರ್ಷ ಚಿತ್ರ ಕಲಿತದ್ದನ್ನು ಅಪ್ಪ ಒಂದು ನಮೂನೆಯ ಕಾಯಿಲೆ ಎಂದೇ ತಿಳಿದಿದ್ದ. "ಆಗ್ಲಿ, ಒಂದ ವರ್ಷ ಸುರಪುರದಾಗ ಇದ್ದು ಬಾ. ಆಮ್ಯಾಲ ಸುಮ್ನ ಕುಂಚ ಇಟ್ಟು ತಕ್ಕಡಿ ಹಿಡಿ" ಎಂದು ಕಳಿಸಿದ. ನಾನು ತಕ್ಕಡಿ ಹಿಡಿಯುವವನಲ್ಲ. ನನ್ನ ಕೈಯ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ, ಇವತ್ತಿಗೂ ಇಲ್ಲ. ಅನುಮಾನ ಪಟ್ಟವರೆಲ್ಲ ಬೇರೆಯವರು.

ಬೋರ್ಡು

ಸುರಪುರದ ಶಾಲೆಗೆ ಕಾಲಿಟ್ಟ ದಿನ ಹೆಡ್ ಮಾಸ್ತರರು ನನ್ನನ್ನು ಕಂಡು ಎದ್ದೇ ನಿಂತರು. ಕಲೆಗೆ ಇಷ್ಟು ಗೌರವವೇ ಎಂದು ನನ್ನ ಎದೆ ಉಬ್ಬಿತು.

"ಬಂದ್ರೇನ್ರಿ! ಬಣ್ಣ ತಂದೀರಿಲ್ಲೋ?"

"ತಂದೀನ್ರಿ."

"ಹಂಗಾರ ಬರ್ರಿ, ಏಣಿ ತರಸೀನಿ."

ಆಗಿದ್ದಿಷ್ಟೆ. ಊರಿನ ಬೋರ್ಡುಗಳೆಲ್ಲ ಉರ್ದುವಿನಲ್ಲಿದ್ದವು, ಅವನ್ನು ಕನ್ನಡಕ್ಕೆ ತರಬೇಕೆಂದು ಹುಕುಂ ಬಂದಿತ್ತು. ದೊಡ್ಡ ಅಕ್ಷರ ಬರೆಯುವವರು ಊರಲ್ಲಿ ಯಾರೂ ಇರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನನ್ನ ಮೊದಲ ಹದಿನೈದು ಬೆಳಗುಗಳು ಏಣಿಯ ಮೇಲೆ ಕಳೆದವು. ಶಾಲೆ, ದವಾಖಾನೆ, ಅಂಚೆ, ಒಂದರ ಮೇಲೊಂದು ಬರೆದೆ.

ಒಂದು ಕಚೇರಿಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರಿದ್ದರು. ಮನೆಯಲ್ಲಿ ಆಡುವುದು ಕನ್ನಡ, ಓದಿದ್ದೆಲ್ಲ ಉರ್ದು, ಕನ್ನಡ ಅಕ್ಷರದ ಪರಿಚಯವೇ ಇಲ್ಲ. ಅವರು ಏಣಿಯ ಕೆಳಗೆ ಬಂದು ನಿಂತರು.

"ಮಾಸ್ತರ್ರ, ಇಪ್ಪತ್ತು ವರ್ಷ ಇದೇ ದಫ್ತರದಾಗ ಕುಂತೀನಿ. ನಿನ್ನೆ ಮುಂಜಾನಿ ಬಂದು ನಿಮ್ಮ ಬೋರ್ಡ್ ನೋಡ್ದೆ. ಇದ್ಯಾವುದೋ ಬ್ಯಾರೆ ದಫ್ತರ ಅಂತ ಹೊಳ್ಳಿ ಮನಿಗಿ ಹೋದೆ."

"ಮನಿಗಿ ಹೋಗಿ ಏನು ಮಾಡಿದ್ರಿ?"

"ಏನ್ ಮಾಡ್ಲಿ? ಊಟ ಮಾಡಿ ಮಕ್ಕೊಂಡೆ. ನಮ್ಮಾಕಿ ಎಬ್ಬಿಸಿ ಕಳಿಸಿದಳು."

ಓದು ಬಾರದವರಿಗಾಗಿ ಅಕ್ಷರದ ಪಕ್ಕ ಒಂದೊಂದು ಚಿತ್ರ ಬರೆದರೆ ಹೇಗೆ ಎಂದು ಅವರೇ ಸೂಚಿಸಿದರು. ನನಗೂ ಹಿಡಿಸಿತು. ದವಾಖಾನೆಗೆ ಔಷಧದ ಬಾಟಲಿ ಬರೆದೆ, ಅಂಚೆಗೆ ಚೀಲ ಬರೆದೆ. ಕೊನೆಗೆ ಅವರ ಕಚೇರಿಗೇ ಬಂತು. ಇಲ್ಲಿ ಏನು ಬರೆಯೋಣ ಎಂದು ಕೇಳಿದೆ. ಗುಮಾಸ್ತರು ಗಡ್ಡ ನೀವಿಕೊಳ್ಳುತ್ತ ವಿಚಾರಕ್ಕೆ ಬಿದ್ದರು. ಗೋಡೆಗೆ ಒರಗಿ ಮಂಡಿ ಅಪ್ಪಿಕೊಂಡು ಕೂತಿದ್ದ ರೈತನೊಬ್ಬ ತಲೆ ಎತ್ತಿದ.

"ಅದ್ರಾಗ ವಿಚಾರ ಮಾಡೂದೇನದ್ರಿ? ನಾ ಮೂರು ದಿನದಿಂದ ಹಿಂಗೇ ಕುಂತೀನಿ. ಹಿಂಗೇ ತೆಗೀರಿ. ಯಾವ ದಫ್ತರ ಅಂತ ಎಲ್ಲಾರಿಗೂ ತಿಳೀತದ."

ತೆಗೆದೆ. ಬಹಳ ಚೆನ್ನಾಗಿ ಬಂದಿತ್ತು. ಎರಡನೆಯ ದಿನ ಬೋರ್ಡು ಇಳಿಸಿದರು, ಆದರೆ ಅಷ್ಟರಲ್ಲಿ ರೈತನ ಕೆಲಸ ಆಗಿತ್ತು.

ಹಪ್ಪಳದ ಕಾವಲು

ನನಗೆ ಕೊಟ್ಟ ಕೋಣೆ ಒಂದು ಹಳೆಯ ವಾಡೆಯದು. ಮುಂದೆ ಅಂಗಳ, ಒಳ್ಳೆಯ ಬೆಳಕು. ನಾನು ಅಂಗಳದಲ್ಲೇ ಬಟ್ಟೆಯ ಚೌಕಟ್ಟು ನಿಲ್ಲಿಸಿಕೊಂಡು ಕೂಡುತ್ತಿದ್ದೆ. ಪಕ್ಕದ ಮನೆಯ ಮುದುಕಿಗೂ ಅದೇ ಅಂಗಳ ಬೇಕಿತ್ತು. ಬೇಸಿಗೆ ಬಂದರೆ ಅಲ್ಲಿ ಹಳೆಯ ಸೀರೆ ಹಾಸಿ ಜೋಳದ ಹಪ್ಪಳ ಒಣಗಿಸುವುದು ಅವಳ ಅತ್ತೆಯ ಕಾಲದಿಂದ ಬಂದ ಹಕ್ಕು.

ಚಿತ್ರ ಬರೆಯುವುದರಲ್ಲಿ ಮುಕ್ಕಾಲು ಪಾಲು ಸುಮ್ಮನೆ ನೋಡುತ್ತ ಕೂಡುವುದೇ ಇರುತ್ತದೆ. ಇದನ್ನು ಕಸುಬಿನವರ ಹೊರತು ಬೇರೆ ಯಾರಿಗೂ ನಂಬಿಸಲಾಗುವುದಿಲ್ಲ.

"ಏನ್ ಮಾಡಾಕತ್ತೀಯೋ ತಮ್ಮಾ?" ಎಂದು ಮುದುಕಿ ಕೇಳಿದಳು.

"ಬಣ್ಣ ಎಲ್ಲಿ ಹಚ್ಚೂದು ಅಂತ ನೋಡಾಕತ್ತೀನಿ, ಆಯಿ."

"ಎಷ್ಟೊತ್ತಾತು?"

"ಮುಂಜಾನಿಯಿಂದ."

"ಹಿಂದ ಈ ಊರಾಗ ಚಿತ್ರಗಾರ್ರು ಇದ್ರಪಾ. ಅಂಗೈಯಷ್ಟು ಹಾಳಿ ಮ್ಯಾಲ ಬಂಗಾರದ ಗೆರಿ ಎಳೀತಿದ್ರಂತ. ನೀ ಬಾಗಿಲದಷ್ಟು ಬಟ್ಟಿ ಕಟ್ಟಿ ಖಾಲಿ ಕುಂತೀಯಲ್ಲ!" ಅಂದವಳೇ ನನ್ನ ಚೌಕಟ್ಟನ್ನು ಎತ್ತಿ, ಹಪ್ಪಳದ ದಿಕ್ಕಿಗೆ ತಿರುಗಿಸಿ ಇಟ್ಟಳು. ನನ್ನ ಬಲಗೈಯ ಹತ್ತಿರ ಒಂದು ಕೋಲನ್ನೂ ಇಟ್ಟಳು. "ಹ್ಯಾಂಗೂ ನೋಡ್ಕೋತ ಕೂಡ್ತಿ. ಆ ಕಡಿ ನೋಡೂದು ಈ ಕಡಿ ನೋಡು. ಕಾಗಿ ಬಂದ್ರ ಹೊಡಿ."

ನಾನು ಸರಕಾರದಿಂದ ನೇಮಕವಾದ ಚಿತ್ರಗಾರ. ಆದರೂ ಆ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಹಪ್ಪಳ ಕಾದೆ. ಮಧ್ಯಾಹ್ನ ಶಾಲೆಗೆ ಹೋಗುವ ಮೊದಲು ಸುಟ್ಟ ಹಪ್ಪಳ ಎರಡು ಸಿಗುತ್ತಿದ್ದವು, ಅದೂ ನಿಜ.

ಒಂದು ದಿನ ನನಗೆ ಎಲ್ಲಿಲ್ಲದ ಹುರುಪು ಬಂತು. ಎಷ್ಟೋ ದಿನದಿಂದ ಸಿಗದ ಬಣ್ಣ ಸಿಕ್ಕಿತು. ಕೈ ತಾನೇ ಓಡತೊಡಗಿತು, ಸುತ್ತಲಿನ ಲೋಕ ಮರೆತೆ. ಕಣ್ಣು ಎತ್ತಿದಾಗ ಸೀರೆಯ ಮೇಲೆ ಕಾಗೆಗಳ ಪಂಕ್ತಿ ಕೂತು ಊಟ ಮುಗಿಸುತ್ತಿತ್ತು. ಮುದುಕಿ ಓಡಿ ಬಂದಳು. ನನ್ನ ಕೈಯಲ್ಲಿ ಕುಂಚ, ಕುಂಚದಲ್ಲಿ ಹಸಿ ಬಣ್ಣ. ಸಿಕ್ಕಿಬಿದ್ದೆ.

"ಯಪ್ಪಾ!" ಎಂದು ಮುದುಕಿ ಹಣೆ ಹಣೆ ಬಡಿದುಕೊಂಡಳು. "ಕೆಲಸದ ವ್ಯಾಳ್ಯಾದಾಗ ಚಿತ್ರ ಬರಕೋತ ಕುಂತಿಯಾ?"

ಒಂದು ಕಿವಿ

ಶಾಲೆಯಲ್ಲಿ ನಾನು ಒಳ್ಳೆಯ ಗುರು. ಗದ್ದಲ ಮಾಡಗೊಡುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಒಂದು ಸಲ ಕುರಿಯ ಚಿತ್ರ ಬರೆಯಿರಿ ಎಂದೆ. ಎಲ್ಲರೂ ಕುರಿ ಬರೆದರು. ಕೆಲವು ಕುರಿ ಮಂಚದಂತೆ, ಕೆಲವು ಮೋಡದಂತೆ. ಕುರಿ ಸಾಕುವವರ ಮನೆಯ ಹುಡುಗಿಯೊಬ್ಬಳು ಮಾತ್ರ ಪಾಟಿಯ ತುಂಬ ಒಂದೇ ಒಂದು ಕಿವಿ ಬರೆದು, ಕೈಕಟ್ಟಿ ಕೂತಿದ್ದಳು. ಕಿವಿಯ ಅಂಚಿನಲ್ಲಿ ಒಂದು ಕಚ್ಚು.

"ಕುರಿ ಎಲ್ಲದವ್ವಾ?"

"ಇದೇ ಕುರಿ ರೀ."

"ಮುಖ, ಕಾಲು, ಹೊಟ್ಟಿ?"

"ಅವೆಲ್ಲ ಎಲ್ಲಾ ಕುರಿಗೂ ಇರ್ತಾವಲ್ರಿ" ಅಂದಳು ಹುಡುಗಿ, ನನ್ನ ಮೇಲೆ ಕನಿಕರಪಟ್ಟು. "ಕಿವಿ ಕೊಯ್ದ ಗುರುತು ನೋಡಿದ್ರ ಯಾರ ಮನೀದು ಅಂತ ತಿಳೀತದ. ಅಷ್ಟು ತಿಳದ್ರ ಸಾಕು."

ನಾನು ನಕ್ಕುಬಿಟ್ಟೆ. ಕುರಿಯನ್ನು ಹೇಗೆ ಅಳತೆಗೆ ತರಬೇಕು ಎಂದು ಅರ್ಧ ತಾಸು ಪಾಠ ಹೇಳಿದೆ. ಹತ್ತಕ್ಕೆ ಎರಡು ಅಂಕ ಕೊಟ್ಟೆ. ಆ ಎರಡನ್ನೂ ದೊಡ್ಡ ಮನಸ್ಸು ಮಾಡಿ ಕೊಟ್ಟೆ ಎಂದೇ ಅಂದುಕೊಂಡಿದ್ದೆ.

ಭೀಮೆಯ ಬಲೆ

ರಜೆಗೆ ಯಾದಗಿರಿಗೆ ಹೋದಾಗಲೂ ನಾನು ಸುಮ್ಮನಿರುವವನಲ್ಲ. ಭೀಮಾ ದಂಡೆಗೆ ಹೋಗಿ, ಬಲೆ ಹೆಗಲಿಗೆ ಹಾಕಿ ನಿಂತ ಮೀನುಗಾರನೊಬ್ಬನ ಚಿತ್ರ ಬರೆದೆ. ಅಚ್ಚು ಹೊಯ್ದ ಹಾಗೆ ಬಂತು. ಅವನು ಬಹಳ ಹೊತ್ತು ನೋಡಿದ.

"ನಾ ಬರಾಬರಿ ಅದೀನ್ರಿ. ಬಲಿ ಮಾತ್ರ ಬರಾಬರಿಲ್ಲ. ಈ ಕಣ್ಣಾಗ ಮೀನ ಅಲ್ಲ, ಎಮ್ಮಿ ಪಾರಾಗ್ತದ."

ಬಲೆಯ ಕಣ್ಣು ಒಂದೊಂದನ್ನೂ ಎಣಿಸಿ ಬರೆಯಲು ಯಾರಿಗೆ ಪುರುಸೊತ್ತು? "ಅದು ಕಲಾ. ಚಿತ್ರದಾಗ ಹಂಗೆಲ್ಲ ನೋಡಬಾರ್ದು" ಎಂದೆ. ಅವನು ಬಹಳ ಮರ್ಯಾದೆಯಿಂದ ತಲೆಯಾಡಿಸಿದ. ತನ್ನನ್ನು ಇಷ್ಟು ಚೆಂದ ಬರೆದದ್ದಕ್ಕೆ ಸಂಜೆ ಮನೆಗೆ ಮೀನು ಕಳಿಸುತ್ತೇನೆ ಎಂದೂ ಹೇಳಿದ.

ನಾನು ಮನೆಗೆ ಹೋಗಿ ಅಪ್ಪನ ಮುಂದೆ ಮೀಸೆ ತಿರುವಿದೆ. ಕಲೆಯಿಂದ ಏನು ಸಿಗುತ್ತದೆ ಅಂತ ಕೇಳುತ್ತಿದ್ದೆಯಲ್ಲ, ಇವತ್ತು ನೋಡು ಎಂದೆ. ಅವ್ವ ಮಸಾಲೆ ಅರೆದು ಎಸರು ಕುದಿಸಿಟ್ಟಳು. ಹೊತ್ತು ಇಳಿಯುವಾಗ ಮೀನುಗಾರನ ಹೆಂಡತಿ ಬುಟ್ಟಿ ತಂದಳು. ಮೇಲೆ ಹಸಿ ಎಲೆ ಮುಚ್ಚಿತ್ತು. ಅಪ್ಪ ತಾನೇ ಎದ್ದು ಹೋಗಿ ಎಲೆ ಸರಿಸಿದ. ಒಳಗೆ ಏನೂ ಇಲ್ಲ.

"ನಿಮ್ಮ ಮಗ ಬರದ ಬಲಿಯಾಗ ಇವತ್ತು ಇಷ್ಟೇ ಬಿದ್ದಾವಂತ್ರಿ" ಅಂದಳು ಅವಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಅಪ್ಪ ಒಳಗೆ ಬಂದು, ಬರೀ ಮಸಾಲೆಯಲ್ಲಿ ರೊಟ್ಟಿ ಅದ್ದಿಕೊಂಡು, "ಕಲಾ ಭಾಳ ರುಚಿ ಆಗ್ಯಾದ" ಎಂದು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಹನ್ನೊಂದು ಕುರಿ

ವಾರದ ಹಳ್ಳಿಯಾಗಿ ನನಗೆ ಸಿಕ್ಕಿದ್ದು ಶಹಾಪುರ ತಾಲೂಕಿನ ವನದುರ್ಗ. ಅಲ್ಲಿ ಕುರಿ ಸಾಕುವವರೇ ಹೆಚ್ಚು. ವರ್ಷ ಮುಗಿಯುತ್ತ ಬಂದಿತ್ತು. ಸಾಹೇಬರಿಗೆ ತೋರಿಸಲು ಏನಾದರೂ ದೊಡ್ಡದು ಬೇಕೆಂದು, ಅಲ್ಲಿಯ ಶಾಲೆಯ ಹೊರಗೋಡೆಯ ಮೇಲೆ ಒಂದು ಹಿಂಡು ಬರೆದೆ. ಹನ್ನೊಂದು ಕುರಿ. ಈ ಸಲ ಯಾರಿಗೂ ಬೆರಳು ಎತ್ತಗೊಡಬಾರದು ಎಂದು ಕಾಲು ಅಳೆದೆ, ಕೊಂಬು ಎಣಿಸಿದೆ. ಆ ಹುಡುಗಿಯ ಮಾತೂ ನೆನಪಾಯಿತು. ಅದಕ್ಕೆಂದೇ ಒಂದೊಂದರ ಎಡಗಿವಿಗೂ ಒಂದು ಕಚ್ಚು ಹಾಕಿದೆ. ಗೋಡೆ ಬೆಳ್ಳಗೆ ಕಂಡಿತು, ಚೆಂದಕ್ಕಿರಲಿ ಎಂದು ಬೆನ್ನ ಮೇಲೆ ಕೆಮ್ಮಣ್ಣಿನ ಒಂದೊಂದು ಪಟ್ಟಿ ಎಳೆದೆ. ಸಂಜೆ ಕೈ ತೊಳೆದುಕೊಂಡು, ಇನ್ನು ಕೆಲಸ ಕಾಯಂ ಎಂದು ಸುರಪುರಕ್ಕೆ ಹೊರಟುಬಂದೆ.

ಮರುದಿನವೇ ಸಾಹೇಬರು ಬಂದರು. ಮೈಸೂರು ಕಡೆಯವರು, ಮೆತ್ತಗಿನ ಮಾತು, ಕೈಯಲ್ಲಿ ಕಂದು ಫೈಲು. ಮೊದಲು ಹೆಡ್ ಮಾಸ್ತರರನ್ನು ಕೇಳಿದರು. "ಭಾಳ ಉಪಯೋಗ ಆಗ್ಯಾದ್ರಿ. ಬೋರ್ಡ್ ಛಲೋ ಬರೀತಾರ" ಎಂದರು ಅವರು. ಆಮೇಲೆ ಅಂಗಳದಲ್ಲಿ ಮುದುಕಿಯನ್ನು ಕೇಳಿದರು. ಅವಳು ನನ್ನನ್ನು ಉಳಿಸಿಕೊಳ್ಳಲೇಬೇಕೆಂದು ಹಟ ತೊಟ್ಟವಳ ಹಾಗೆ ಮುಂದೆ ಬಂದಳು.

"ಬಂಗಾರದಂಥ ಹುಡುಗ್ರಿ. ಒಂದ ದಿನ ತಪ್ಪಿದ್ದು ಬಿಟ್ರ ವರ್ಷದಾಗ ಒಂದ ಕಾಗಿ ಹಪ್ಪಳ ಮುಟ್ಟಿಲ್ಲ."

ವನದುರ್ಗದ ದಾರಿಯಲ್ಲಿ ಜೀಪಿನೊಳಗೆ ಸಾಹೇಬರು ಫೈಲು ಮುಚ್ಚಿ, "ನೋಡಿ, ನಾನಾದರೂ ಏನು ಬರೆಯಲಿ? ಒಂದು ಕಡೆ ಬೋರ್ಡು, ಒಂದು ಕಡೆ ಕಾಗೆ. ಇನ್ನು ಒಂದೇ ಊರು ಉಳಿದಿರೋದು" ಎಂದರು. ಕಣ್ಣ ಮುಂದೆ ತಕ್ಕಡಿ ತೂಗಾಡಿದ್ದು ಸುಳ್ಳಲ್ಲ. ಆದರೂ ಧೈರ್ಯ ಬಿಡದೆ, "ಅಲ್ಲಿ ನೋಡಿ ಸರ್, ಜನ ನನ್ನ ಚಿತ್ರದ ಮುಂದೆ ಸೇರಿಕೊಂಡಿರುತ್ತಾರೆ" ಎಂದೆ.

ನನ್ನ ಮಾತು ಅಕ್ಷರಶಃ ನಿಜವಾಯಿತು. ಇಡೀ ಊರೇ ಗೋಡೆಯ ಮುಂದೆ ಸೇರಿತ್ತು. "ಪರವಾಗಿಲ್ಲವೇ!" ಎಂದು ಸಾಹೇಬರು ಖುಷಿಯಿಂದ ಇಳಿದರು. ಹತ್ತಿರ ಹೋದಾಗ ತಿಳಿಯಿತು, ಜಗಳ ಹತ್ತಿತ್ತು.

ಎಡಗಿವಿಯ ಆ ಕಚ್ಚು ಊರ ಹಿರಿಯನ ಮನೆತನದ ಗುರುತಂತೆ. ಬೆನ್ನಿನ ಮೇಲಿನ ಕೆಮ್ಮಣ್ಣಿನ ಪಟ್ಟಿ ಎದುರು ಓಣಿಯ ಗೌಡನ ಮನೆಯದಂತೆ. ಹಿರಿಯನ ಕಿವಿ ಇದ್ದ ಕುರಿಗೆ ಗೌಡನ ಬಣ್ಣ ಬಿದ್ದಿದೆ ಎಂದರೆ ಆ ಸೀಮೆಯಲ್ಲಿ ಅರ್ಥ ಒಂದೇ, ಕುರಿ ಕದ್ದು ಬಣ್ಣ ಬಳಿದಿದ್ದಾರೆ. ನಾನು ಒಂದಲ್ಲ ಹನ್ನೊಂದು ಕಳವನ್ನು ಶಾಲೆಯ ಗೋಡೆಯ ಮೇಲೆ ಬರೆದಿಟ್ಟಿದ್ದೆ.

"ನಮ್ಮ ಮನಿತನ ಕಳ್ಳರದು ಅಂತ ಗ್ವಾಡಿ ಮ್ಯಾಲ ಬರಸ್ಯಾರ!" ಎಂದು ಗೌಡ ರುಮಾಲು ಕಿತ್ತು ನೆಲಕ್ಕೆ ಬಡಿದ.

"ನಾ ಬರಸಿಲ್ಲ. ಆದ್ರ ಕಿವಿ ನಂದದ, ಬಣ್ಣ ನಿಂದದ. ನೋಡಿದವರು ಏನಂತಾರ?" ಅಂದ ಹಿರಿಯ.

ಸಾಹೇಬರು ನಡುವೆ ಬಾಯಿ ಹಾಕಿದರು. "ಸ್ವಾಮಿ, ಇದು ಬರೀ ಚಿತ್ರ ಅಲ್ಲವೇ?"

"ಚಿತ್ರ ಇರಬಹುದ್ರಿ ಸಾಹೇಬ್ರ. ಕಿವಿ ಅಂತೂ ನಂದೇ."

ನಾನು ಒದ್ದೆ ಅರಿವೆ ಹಿಡಿದು ಮುಂದೆ ನುಗ್ಗಿದೆ. "ಎಲ್ಲಾ ಅಳಸಿಬಿಡ್ತೀನಿ, ಎರಡ ನಿಮಿಷ."

ಅಲ್ಲಿಯವರೆಗೆ ಹೊಡೆದಾಡಲು ನಿಂತಿದ್ದ ಇಬ್ಬರೂ ಒಂದೇ ದನಿಯಲ್ಲಿ ನನ್ನ ಮೇಲೆ ಹರಿಹಾಯ್ದರು. "ಏ, ಕೈ ತೆಗೀರಿ! ಗುರುತು ಅಳಸೂದು ಕಳ್ಳರ ಕೆಲಸ!"

ಅರಿವೆ ನನ್ನ ಕೈಯಲ್ಲೇ ಉಳಿಯಿತು. ಸಾಹೇಬರು ಫೈಲು ತೆರೆದು ಏನೋ ಬರೆಯಲು ಪೆನ್ನಿನ ಟೊಪ್ಪಿಗೆ ತೆಗೆದರು. ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ, ಈಗ ಹೇಳಲು ನಾಚಿಕೆಯಿಲ್ಲ.

ಹಿರಿಯ ಕಟ್ಟೆಯ ಮೇಲೆ ಕೂತು, ತಂಬಾಕು ತಿಕ್ಕಿ, ಗೋಡೆಯನ್ನು ಮತ್ತೊಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದ.

"ಗೌಡ್ರ, ನಿಮ್ಮ ಹಿಂಡಿನಾಗ ಇಂಥ ಕಿವಿ ಅದಾವೇನು?"

"ಇಲ್ಲ."

"ನನ್ನ ಹಿಂಡಿನಾಗ ಇಂಥ ಬಣ್ಣ ಇಲ್ಲ. ನಿಮ್ಮವೂ ಅಲ್ಲ, ನಮ್ಮವೂ ಅಲ್ಲ. ಈ ಕಿವಿ ಈ ಬಣ್ಣ ಕೂಡಿದ್ದು ಹೊಸಾ ಗುರುತಾತು. ಹಂಗಾರ ಈ ಕುರಿ ಯಾರವು?"

"ಯಾರವು?"

"ಹುಟ್ಟಿಸಿದವರವು" ಎಂದು ನನ್ನ ಕಡೆ ಬೆರಳು ಮಾಡಿದ. "ಮಾಸ್ತರ್ರ, ಇವತ್ತಿನಿಂದ ಇದು ನಿಮ್ಮ ಮನಿತನದ ಗುರುತು. ಈ ಸೀಮ್ಯಾಗ ಇನ್ನ ಯಾರೂ ಇದನ್ನ ಹಾಕೂ ಹಂಗಿಲ್ಲ."

ಗೌಡ ರುಮಾಲು ಝಾಡಿಸಿ ತಲೆಗೆ ಸುತ್ತಿಕೊಂಡ. ಊರು ಹೌದು ಹೌದು ಅಂದಿತು. ಸಾಹೇಬರು ಮಾತ್ರ ತಮ್ಮ ಪ್ರಶ್ನೆ ಬಿಡಲಿಲ್ಲ. "ಅದಿರಲಿ, ಈ ಮೇಷ್ಟರಿಂದ ನಿಮ್ಮೂರಿಗೆ ಏನು ಉಪಯೋಗ?"

ಹಿರಿಯ ಅವರನ್ನು ಮೇಲಿನಿಂದ ಕೆಳಗೆ ನೋಡಿದ. "ಉಪಯೋಗ ಕೇಳಿ ಯಾರರೆ ಊರಾಗಿನ ಮಂದೀನ್ನ ಇಟ್ಕೋತಾರೇನ್ರಿ? ಅವ್ರವು ಹನ್ನೊಂದು ಕುರಿ ಅದಾವ ಇಲ್ಲಿ. ಕುರಿ ಬಿಟ್ಟು ಎಲ್ಲಿಗಿ ಹೋಗ್ತಾರ?"

ಸಾಹೇಬರು ನಿಂತಲ್ಲೇ ಬಹಳ ಹೊತ್ತು ಬರೆದರು, ಏನು ಬರೆದರೆಂದು ಹೇಳದೆ ಜೀಪು ಹತ್ತಿದರು.

ಎಂಟು ದಿನವಾದರೂ ಆರ್ಡರ್ ಬರಲಿಲ್ಲ, ಹಿರಿಯನೇ ಸುರಪುರಕ್ಕೆ ಬಂದ. ಹಿಂಡು ಇದ್ದ ಮನೆಯವರು ಪಾಳಿಯ ಪ್ರಕಾರ ಊರೂಟಕ್ಕೆ ಒಂದು ಕುರಿ ಕೊಡಬೇಕಂತೆ. ಈ ಸಲ ನನ್ನ ಪಾಳಿಯಂತೆ.

"ಅಜ್ಜಾ, ಆರ್ಡರ್ ಇನ್ನಾ ಬಂದಿಲ್ಲ. ನಾ ಇರ್ತೀನೋ ಇಲ್ಲೋ."

"ಆರ್ಡರ್ ಬರಬೇಕಾದ್ದು ನಿಮಗ. ನಿಮ್ಮ ಕುರಿಗಲ್ಲ" ಅಂದ.

ಶಹಾಪುರದ ಸಂತೆಯಲ್ಲಿ ಕುರಿ ಕೊಂಡು ಕೊಟ್ಟೆ. ಊಟದ ದಿನ ಅಪ್ಪ ಯಾದಗಿರಿಯಿಂದ ಬಂದ. ಅಂಗಡಿಯ ವಿಳಾಸಕ್ಕೆ ಬಂದಿದ್ದ ಆರ್ಡರನ್ನೂ ತಂದಿದ್ದ. ಕೆಲಸ ಕಾಯಂ ಆಗಿತ್ತು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಮುಂದೆ ನಿಂತು ಎಣಿಸಿ, "ಎಲ್ಲಾ ನಿನ್ವೇನು?" ಎಂದು ಕೇಳಿದ. ಮಗ ಚಿತ್ರಗಾರ ಎಂದು ಯಾರಿಗೂ ಹೇಳಿಕೊಳ್ಳದವನು, ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಮಗ ವನದುರ್ಗದ ಕಡೆ ಹಿಂಡು ಮಾಡಿದ್ದಾನೆ ಎನ್ನತೊಡಗಿದ.

ಕೈ ತೊಳೆದ ಮೇಲೆ ಹಿರಿಯ ನನ್ನನ್ನು ಗೋಡೆಗೆ ಕರೆದುಕೊಂಡು ಹೋದ. "ಮಾಸ್ತರ್ರ, ಒಂದು ಕುರಿ ಹೋತಲ್ಲ. ಇಲ್ಲಿಂದೂ ಒಂದು ತೆಗೀರಿ. ಸುಳ್ಳ ಹಿಂಡು ತೋರಸಬಾರ್ದು."

"ಅಳಸೂದು ಕಳ್ಳರ ಕೆಲಸ ಅಂದವರು ನೀವೇ" ಎಂದು ನಾನು ಕುಂಚ ತೆಗೆದೆ. ತುದಿಯ ಕುರಿಯ ಮೈಗೆ ಸುಣ್ಣ ಬಳಿದು, ಅದೇ ಜಾಗದಲ್ಲಿ ಒಂದು ಪುಟ್ಟ ಮರಿ ಬರೆದೆ. ಕಿವಿಗೆ ಕಚ್ಚು, ಬೆನ್ನಿಗೆ ಪಟ್ಟಿ. "ಒಂದು ಹೋತು, ಒಂದು ಹುಟ್ಯಾದ. ಬರಾಬರಿ ಆತಿಲ್ಲೋ?"

ಹಿರಿಯ ಬಗ್ಗಿ ಮರಿಯ ಕಿವಿ ನೋಡಿದ. "ಹೆಣ್ಣು ಮರಿ ಏನ್ರಿ?"

"ಹೌದು" ಎಂದೆ ಖಾತ್ರಿಯಿಂದ.

"ಹಂಗಾರ ನಿಮ್ಮ ಹಿಂಡು ಮುಗಿಯೂದಿಲ್ಲ ಬಿಡ್ರಿ."

ನನಗೆ ಹುರುಪು ತಡೆಯಲಾಗಲಿಲ್ಲ. ಜೇಬಿನಿಂದ ಆರ್ಡರ್ ತೆಗೆದು ಅವನ ಕೈಯಲ್ಲಿಟ್ಟೆ. "ನೋಡಜ್ಜಾ, ಸರಕಾರದಿಂದಲೂ ಕಾಯಂ ಅಂತ ಬಂದದ!"

ಹಿರಿಯ ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ. ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿದ. ಆಮೇಲೆ ಮಡಚಿ, ಜೋಪಾನವಾಗಿ ನನ್ನ ಜೇಬಿಗೇ ತುರುಕಿದ.

"ಛಲೋ ಆತು. ಆದ್ರ ಇದಕ್ಕ ಕಿವೀನೇ ಇಲ್ಲಲ್ರಿ ಮಾಸ್ತರ್ರ. ನಾಳಿ ಯಾರರೆ ಬಂದು ಇದು ನಂದು ಅಂದ್ರ ಏನ್ ಮಾಡ್ತೀರಿ?"